ಶಿಖರ ಏರಿದ ಕೌದಿ

ಹಿಮಾಲಯದ ಕ್ಯಾಂಪು, ಜೂನ್ 1979

ನಿಟ್ಟುವಳ್ಳಿಯ ಅಮ್ಮನಿಗೆ ಸಲಾಮು.

ನಕ್ಷೆ ಮಾಡುವ ನಮ್ಮ ತಂಡ ಇಲ್ಲಿ ಹಿಮದ ಬೆಟ್ಟಗಳನ್ನು ಅಳೆಯುತ್ತಿದೆ. ಶಿಖರದ ಮೇಲೆ ಬಾವುಟ ನೆಟ್ಟು, ಎದುರು ಬೆಟ್ಟದಿಂದ ದುರ್ಬೀನಿನಲ್ಲಿ ನೋಡಬೇಕು. ತಂದದ್ದೆಲ್ಲ ಬಿಳಿ ಬಾವುಟ. ಹಿಮದಲ್ಲಿ ಒಂದೂ ಕಾಣಲಿಲ್ಲ. ಆಗ ತಂಡದ ಸಾಹೇಬರ ಕಣ್ಣು ನನಗೆ ಹೊದೆಯಲೆಂದು ನೀನು ಹೊಲಿದುಕೊಟ್ಟ ಕೌದಿಯ ಮೇಲೆ ಬಿತ್ತು. ಈಗ ಅದು ಶಿಖರದ ಮೇಲಿದೆ. ಅಜ್ಜಿಯ ಸೀರೆಯ ಕೆಂಪು ತುಂಡು ಬಹಳ ಚೆನ್ನಾಗಿ ಕಾಣುತ್ತದಂತೆ.

“ಸಾಹೇಬ್ರಿಗೆ ಬ್ಯಾಡ ಅನ್ನಾಕ ಆಗ್ತೈತೇನು?” ಎನ್ನುತ್ತ ನಮ್ಮ ಅಡುಗೆಯವ, ಹರಿಹರದ ಗುತ್ತೆಪ್ಪ, ತನ್ನ ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಂಡ.

ನನಗೆ ನೆಗಡಿ ಇದೆ, ಜ್ವರ ಇಲ್ಲ. ಟಪಾಲು ಒಯ್ಯುವವ ಹೊರಟು ನಿಂತಿದ್ದಾನೆ. ಇನ್ನೊಂದು ಕೌದಿ ಹೊಲಿದು ಪಾರ್ಸೆಲ್ ಮಾಡಿಸು. ನೀನು ಬೈದರೂ ಸರಿ, ಪೂರಾ ಬಿಳಿ ಬಟ್ಟೆಯದೇ ಇರಲಿ.

ನಿನ್ನ ಮಸ್ತಾನ