ಕೆತ್ತಿಸಿದ ಮಾತು ಅವರು ಆಡಿದ್ದಲ್ಲ

ಪದ್ಮನಾಭನಗರ, ಗುರುವಾರ, 6 ನವೆಂಬರ್ 2025. ಗಗನಯಾತ್ರಿ ತೀರಿಕೊಂಡು ನಲವತ್ತೊಂದು ದಿನ. ಅವರ ನೆನಪಿನ ಕಲ್ಲಿನ ಅನಾವರಣಕ್ಕೆ ಇನ್ನು ಮೂರು ದಿನ.

ಸ್ಮಾರಕ ಸಮಿತಿಯ ಮಾನ್ಯ ಕಾರ್ಯದರ್ಶಿಗಳೇ,

ನಮ್ಮ ಬಡಾವಣೆಯ ಉದ್ಯಾನದಲ್ಲಿ ನೀವು ನಿಲ್ಲಿಸಿರುವ ಕಲ್ಲಿನ ಮೇಲಿನ ಮಾತನ್ನು ಆ ಗಗನಯಾತ್ರಿ ಆಡಲಿಲ್ಲ. ಅವರು ಆಡಿದ್ದು ಅದಕ್ಕೆ ತೀರ ವಿರುದ್ಧವಾದದ್ದು. ಇದನ್ನು ಎರಡು ಬಾರಿ ಅರ್ಜಿ ಬರೆದು, ಒಂದು ಬಾರಿ ಎದುರಿಗೆ ನಿಂತು ನಿಮ್ಮ ಕಚೇರಿಗೆ ತಿಳಿಸಿದ್ದೇನೆ. ಇನ್ನು ತಿಳಿಸಲು ಉಳಿದಿರುವುದು ನಿಮ್ಮನ್ನು ಬಿಟ್ಟು ಬೇರೆಯವರಿಗೆ. ಆದ್ದರಿಂದ ಇದು ಬಹಿರಂಗ ಪತ್ರ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಲ್ಲಿನ ಮೇಲೆ ಅದು ಗೇಣುದ್ದದ ಅಕ್ಷರಗಳಲ್ಲಿದೆ, ಅದರ ಕೆಳಗೆ ನಿಮ್ಮದೂ ಇದೆ.

ಮನುಷ್ಯರು ಭೂಮಿಯನ್ನು ಬಿಟ್ಟು ಮೇಲೆ ಹೋಗಲು ಆರಂಭಿಸಿದ ಕಾಲದ ಮೊದಲ ಕೆಲವರಲ್ಲಿ ಅವರೂ ಒಬ್ಬರು. 1987ರ ಜನವರಿಯಲ್ಲಿ ಬೆಂಗಳೂರಿಗೆ ಬಂದಾಗ, ಇಟ್ಟಮಡುವಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮುಕ್ಕಾಲು ಗಂಟೆ ಕಳೆದರು. ಅವರಿಗೆ ಬರುತ್ತಿದ್ದುದು ಅವರ ಭಾಷೆ ಮಾತ್ರ. ಅಲ್ಲಿದ್ದವರಲ್ಲಿ ಆ ಭಾಷೆ ತಿಳಿದಿದ್ದವರು ಒಬ್ಬರೇ: ಶಾಲೆಯ ಶಿಕ್ಷಕಿ ಲತಾಮಣಿ. ಆ ಭಾಷೆಯ ಕಾದಂಬರಿಗಳನ್ನು ಮೂಲದಲ್ಲೇ ಓದಬೇಕೆಂಬ ಆಸೆಗೆ ಆರು ವರ್ಷ ಸಂಜೆ ತರಗತಿಗೆ ಹೋಗಿ ಕಲಿತವರು. ನಾನು ಹದಿನೇಳು ವರ್ಷಗಳಿಂದ ಅವರ ಕೆಳಗಿನ ಮನೆಯ ಬಾಡಿಗೆದಾರ. ಆ ಕಾದಂಬರಿಗಳನ್ನು ಅನುವಾದದಲ್ಲಿ ಮಾತ್ರ ಓದಿದವನು.

ಮೂರನೇ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮೇಲೆ ಹೋದಾಗ ಭಯ ಆಯ್ತಾ ಅಂಕಲ್?"

ಅವರು ನಿಧಾನವಾಗಿ, ಸಾಕಷ್ಟು ಹೊತ್ತು ಉತ್ತರ ಕೊಟ್ಟರು. ಭಯವಾಯಿತು. ಹೋಗುವಾಗ ಆಯಿತು, ಅಲ್ಲಿದ್ದಷ್ಟು ಹೊತ್ತೂ ಆಯಿತು. ಇಳಿದು ಬಂದ ಮೇಲೂ ಎಷ್ಟೋ ತಿಂಗಳು ಕೈ ನಡುಗುತ್ತಿತ್ತು. ಅಂಗಿಯ ಗುಂಡಿಗಳನ್ನು ಹೆಂಡತಿ ಹಾಕಿಕೊಡುತ್ತಿದ್ದಳು. ಇಷ್ಟು ಹೇಳಿ ಅವರು ಲತಾಮಣಿಯವರ ಕಡೆ ನೋಡಿದರು. ಮುಂದಿನ ಸಾಲಿನಲ್ಲಿ ಮುಖ್ಯೋಪಾಧ್ಯಾಯರು, ಹಾರ ಹಿಡಿದ ಗಣ್ಯರು, ಒಬ್ಬ ವರದಿಗಾರ. ಲತಾಮಣಿ ಹೇಳಿದರು: "ಧೈರ್ಯವಂತನಿಗೆ ಭಯವೆಂಬುದೇ ಇಲ್ಲ, ಮಕ್ಕಳೇ."

ಮಕ್ಕಳು ಚಪ್ಪಾಳೆ ತಟ್ಟಿದರು. ವರದಿಗಾರ ಬರೆದುಕೊಂಡ. ಆ ಪತ್ರಿಕೆಯ ತುಣುಕು ನಿಮ್ಮ ಕಡತದಲ್ಲಿದೆ, ಅಲ್ಲಿಂದ ಕಲ್ಲಿಗೆ ಹೋಯಿತು.

ಇದನ್ನು ನನಗೆ ಹೇಳಿದವರು ಲತಾಮಣಿಯವರೇ. ಅವರಿಗೀಗ ಎಪ್ಪತ್ತಾರು. ಯಾಕೆ ಹಾಗೆ ಮಾಡಿದಿರಿ ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು: "ಅಷ್ಟು ದೊಡ್ಡ ಮನುಷ್ಯ, ಹೆಂಡತಿ ಗುಂಡಿ ಹಾಕಿಕೊಡ್ತಿದ್ಲು ಅಂತಾರಲ್ಲ, ನಂಗೆ ನಾಚಿಕೆ ಆಯ್ತು ಶ್ರೀಕರ್. ಅವರಿಗೆ ಆಗ್ಬೇಕಾದ ನಾಚಿಕೆ ಅಂತ ನಾನೇ ಅಂದ್ಕೊಂಡೆ."

ಪುರಾವೆ ಎಲ್ಲಿ ಎಂದು ನಿಮ್ಮ ಕಚೇರಿ ಕೇಳಿತು. ನ್ಯಾಯವಾದ ಪ್ರಶ್ನೆ, ಕಲ್ಲು ಕೆತ್ತುವ ಮೊದಲು ಕೇಳಿದ್ದರೆ ಇನ್ನೂ ನ್ಯಾಯವಾಗಿರುತ್ತಿತ್ತು. ಪುರಾವೆ ಇದೆ. ಮರುವರ್ಷ ಗಗನಯಾತ್ರಿ ಲತಾಮಣಿಯವರಿಗೆ ಹೊಸ ವರ್ಷದ ಕಾರ್ಡು ಕಳಿಸಿದ್ದರು, ಸ್ವಂತ ಕೈಬರಹದಲ್ಲಿ. ಭಯವಾಯಿತು ಎಂದಾಗ ಚಪ್ಪಾಳೆ ತಟ್ಟಿದವರು ಜಗತ್ತಿನಲ್ಲಿ ನಿಮ್ಮ ಮಕ್ಕಳು ಮಾತ್ರ, ಆ ಹುಡುಗಿಗೆ ನನ್ನ ಧನ್ಯವಾದ ತಿಳಿಸಿ ಎಂದು ಬರೆದಿದ್ದಾರೆ. ಲತಾಮಣಿ ತಿಳಿಸಲಿಲ್ಲ. ಗಗನಯಾತ್ರಿಗೆ ಉತ್ತರವನ್ನೂ ಬರೆಯಲಿಲ್ಲ. ಆ ಮನುಷ್ಯ ಮೂವತ್ತೆಂಟು ವರ್ಷ ಇಟ್ಟಮಡುವಿನ ಚಪ್ಪಾಳೆಯನ್ನು ಹಾಗೆಯೇ ನಂಬಿಕೊಂಡು ಬದುಕಿ ತೀರಿಕೊಂಡರು.

ಆ ಕಾರ್ಡನ್ನು ಹಿಡಿದು ನಾನು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿದರು.

"ಇದು ಕನ್ನಡದಲ್ಲಿ ಇಲ್ವಲ್ಲ ಸಾರ್. ಮಾನ್ಯತೆ ಪಡೆದ ಅನುವಾದಕರ ಹತ್ರ ಸರ್ಟಿಫೈ ಮಾಡಿಸ್ಕೊಂಡು ಬನ್ನಿ."

"ಯಾರಿದ್ದಾರೆ?"

ಅವರು ಪಟ್ಟಿ ತೆಗೆದು ಬೆರಳಿಟ್ಟು ಹುಡುಕಿದರು. "ಈ ಭಾಷೆಗೆ ಒಬ್ರೇ ಇರೋದು. ಲತಾಮಣಿ ಅಂತ, ರಿಟೈರ್ಡ್ ಟೀಚರ್."

"ಕಾರ್ಡು ಬಂದಿರುವುದು ಅವರಿಗೇ."

"ಹಾಗಾದ್ರೆ ಆಗಲ್ಲ ಬಿಡಿ. ತಮ್ಮ ಕಾಗದಕ್ಕೆ ತಾವೇ ಸೈನ್ ಹಾಕ್ಕೊಳಕ್ಕಾಗುತ್ತಾ?" ಆಮೇಲೆ, ಕನಿಕರದಿಂದಲೇ ಅನ್ನಿಸುತ್ತದೆ, ಸೇರಿಸಿದರು: "ಭಯ ಆಯ್ತು ಅಂತ ಪಾರ್ಕಲ್ಲಿ ಬರೆಸಿದ್ರೆ ವಾಕಿಂಗ್ ಬರೋರು ಏನಂದ್ಕೋತಾರೆ ಸಾರ್?"

ಮಾನ್ಯರೇ, ಲತಾಮಣಿಯವರು ಸುಳ್ಳು ಹೇಳಿದಾಗ ಯಾರೂ ಪ್ರಮಾಣಪತ್ರ ಕೇಳಲಿಲ್ಲ. ನಿಜ ಹೇಳಲು ಹೊರಟಾಗ ಅವರೊಬ್ಬರನ್ನು ಬಿಟ್ಟು ಬೇರೆ ಯಾರಾದರೂ ಹೇಳಬೇಕು ಎನ್ನುತ್ತೀರಿ. ಇದು ನಿಯಮವೇ ಇರಬಹುದು. ಆದರೆ ಈ ನಿಯಮದಿಂದ ಈವರೆಗೆ ರಕ್ಷಣೆ ಸಿಕ್ಕಿರುವುದು ಯಾವ ಮಾತಿಗೆ ಎಂದು ನೀವೇ ಯೋಚಿಸಿ.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಒಂದು ತಪ್ಪು ಅನುವಾದ. ಓದುಗನಾಗಿ ಎಷ್ಟನ್ನೋ ಸಹಿಸಿದ್ದೇನೆ. ಆದರೆ ಅಂದು ಪ್ರಶ್ನೆ ಕೇಳಿದ ಹುಡುಗಿಯನ್ನು ನೀವು ಶ್ರಮಪಟ್ಟು ಹುಡುಕಿದಿರಿ. ಅಂಕಮ್ಮ, ಈಗ ನಲವತ್ತೇಳು, ಇಟ್ಟಮಡುವಿನಲ್ಲಿ ಟೈಲರಿಂಗ್ ಅಂಗಡಿ. ಭಾನುವಾರ ಕಲ್ಲಿನ ಮೇಲಿನ ಬಟ್ಟೆ ಸರಿಸುವವರು ಅವರೇ. ಕಳೆದ ವಾರ ತಮ್ಮ ಮಿಸ್ಸನ್ನು ಕರೆಯಲು ಮನೆಗೆ ಬಂದಿದ್ದರು. ನಾನು ಆಗ ಪುಸ್ತಕ ಹಿಂದಿರುಗಿಸಲು ಮೇಲೆ ಹೋಗಿದ್ದೆ.

"ನೀವು ಬರ್ಲೇಬೇಕು ಮಿಸ್. ಆ ಮಾತು ನಮ್ಮನೇಲಿ ಎಷ್ಟು ಕೆಲಸಕ್ಕೆ ಬಂತು ಗೊತ್ತಾ?"

ಅಂಕಮ್ಮನ ತಂದೆ ಉಗ್ರಪ್ಪ ಎತ್ತರದ ನೀರಿನ ಟ್ಯಾಂಕುಗಳಿಗೆ ಬಣ್ಣ ಹೊಡೆಯುತ್ತಿದ್ದವರು. ಒಮ್ಮೆ ಏಣಿಯಿಂದ ಜಾರಿ, ಸರಳಿಗೆ ಜೋತುಬಿದ್ದು ಉಳಿದುಕೊಂಡಿದ್ದರು. ಆಮೇಲೆ ಹತ್ತಲು ಭಯ. ಮನೆಯಲ್ಲೇ ಕೂತರು, ನೆಂಟರೆಲ್ಲ ಹಂಗಿಸುತ್ತಿದ್ದರು. ಹುಡುಗಿ ಆ ಪ್ರಶ್ನೆ ಕೇಳಿದ್ದು ಅದಕ್ಕೇ.

"ಅವತ್ತು ಮನೆಗೆ ಓಡ್ಹೋಗಿ ಹೇಳ್ದೆ, ಅಷ್ಟು ಮೇಲೆ ಹೋದೋರಿಗೇ ಭಯ ಇಲ್ವಂತೆ, ನಿಂಗೇನಪ್ಪಾ ಅಂತ. ಮಾರನೇ ದಿನಾನೇ ಡಬ್ಬ ಎತ್ಕೊಂಡು ಹೋದ್ರು. ಆಮೇಲೆ ಸಾಯೋವರ್ಗೂ ಭಯ ಅನ್ನೋ ಮಾತೇ ಎತ್ಲಿಲ್ಲ ಮಿಸ್. ಕೈ ಮಾತ್ರ ನಡುಗೋದು. ಊಟ ಮಾಡೋವಾಗ ಅನ್ನ ಚೆಲ್ಲೋದು. ವಯಸ್ಸಾಯ್ತು ಅಂತ ನಾವೆಲ್ಲ ನಗ್ತಿದ್ವಿ."

"ಆಗ ಎಷ್ಟು ವಯಸ್ಸು ಅವರಿಗೆ?" ಎಂದರು ಲತಾಮಣಿ.

ಅಂಕಮ್ಮ ಲೆಕ್ಕ ಹಾಕಿದರು. "ಮೂವತ್ನಾಲ್ಕೋ ಮೂವತ್ತೈದೋ ಇರ್ಬೇಕು ಮಿಸ್."

ಲತಾಮಣಿ ಎದ್ದರು. ಕಾಫಿ ತರುತ್ತೇನೆಂದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ.

ನನ್ನ ಬೇಡಿಕೆ ಚಿಕ್ಕದು. ಗಗನಯಾತ್ರಿಯ ನಿಜವಾದ ಮಾತನ್ನು ಕೆತ್ತಿಸಿ ಎಂದು ಕೇಳುತ್ತಿಲ್ಲ. ಅದಕ್ಕೆ ನಿಮ್ಮಲ್ಲಿ ಪ್ರಮಾಣಪತ್ರವಿಲ್ಲ. ಆ ಒಂದು ಸಾಲನ್ನು ಉಜ್ಜಿಸಿ ತೆಗೆಸಿ. ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ ಇರಲಿ. ನಿಮ್ಮ ಹೆಸರೂ ಬೇಕಾದರೆ ಇರಲಿ. ಖಾಲಿ ಕಲ್ಲು ಯಾರನ್ನೂ ಟ್ಯಾಂಕ್ ಹತ್ತಿಸುವುದಿಲ್ಲ. ನೀವು ಇದನ್ನು ಮಾಡುವುದಿಲ್ಲ ಎಂದು ನನಗೆ ಗೊತ್ತು. ಭಾನುವಾರ ಹತ್ತು ಗಂಟೆಗೆ ಶಾಮಿಯಾನ, ಧ್ವನಿವರ್ಧಕ ಎಲ್ಲ ನಿಗದಿಯಾಗಿವೆ. ಜನ ಮತ್ತೆ ಚಪ್ಪಾಳೆ ತಟ್ಟುತ್ತಾರೆ.

ಈ ಪತ್ರ ಅಚ್ಚಾಗುವ ಮೊದಲು ಅಂಕಮ್ಮನಿಗೆ ಎಲ್ಲವನ್ನೂ ಹೇಳಬೇಕೆಂದು ಲತಾಮಣಿ ತೀರ್ಮಾನಿಸಿದ್ದಾರೆ. ಕಾರ್ಡನ್ನು ತಾವೇ ಕೈಯಾರೆ ಕೊಟ್ಟು, ಒಂದೊಂದು ಸಾಲನ್ನೂ ಇದ್ದಂತೆಯೇ ಕನ್ನಡದಲ್ಲಿ ಹೇಳುತ್ತಾರಂತೆ. ಜೊತೆಗೆ ನಾನು ಹೋಗುವುದೆಂದು ಮಾತಾಗಿದೆ. ಮೊದಲು ಮಂಗಳವಾರ ಹೋಗೋಣ ಎಂದಿದ್ದರು, ಆಮೇಲೆ ಬುಧವಾರ ಎಂದರು. ಇಂದು ನಾಲ್ಕು ಗಂಟೆಯಿಂದ ಸೀರೆ ಬದಲಿಸಿ, ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಮೇಲೆ ಕೂತಿದ್ದಾರೆ. ಈಗ ಆರೂಕಾಲು. ಆಟೋ ಕರೆಯಲು ಇನ್ನೂ ಹೇಳಿಲ್ಲ.

ಇಂತಿ,
ಮೂಲ ಭಾಷೆ ಬಾರದ, ಅನುವಾದಗಳನ್ನು ನಂಬಿಕೊಂಡೇ ಇಷ್ಟು ವರ್ಷ ಓದಿದ
ಶ್ರೀಕರ್