ಮೊದಲ ಬಾಟಲಿ

ಅಕ್ಟೋಬರ್ ೧೪, ಮಂಗಳವಾರ
ಶಿಶುವಿಹಾರದ ಅಡುಗೆಮನೆ, ಮಕ್ಕಳು ಮಲಗಿರುವ ಹೊತ್ತು

ನನ್ನ ಮುದ್ದು ಮಗಳಿಗೆ ಅಮ್ಮನ ಅಕ್ಕರೆ.

ಫೋನು ಬಿಟ್ಟು ಕಾಗದ ಹಿಡಿದು ಕೂತಿದ್ದಾಳಲ್ಲ, ಇವಳಿಗೇನು ಬಂತು ಎಂದು ನೀನು ಹುಬ್ಬೇರಿಸುತ್ತೀ. ಮೂರು ಸಲ ಫೋನು ಮಾಡಿದೆ ಕಣೇ. ಮೂರು ಸಲವೂ ನೀನು ಹಲೋ ಅಂದ ಕೂಡಲೇ ನನ್ನ ನಾಲಿಗೆ ಬಿದ್ದುಹೋಯಿತು. ಅಲ್ಲಿ ಮಳೆ ಬಂತಾ, ಅಳಿಯಂದಿರ ಸೊಂಟನೋವು ಹೇಗಿದೆ ಎಂದು ಏನೇನೋ ಕೇಳಿ ಇಟ್ಟುಬಿಟ್ಟೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ, ನಾನೂ ಅರ್ಧಕ್ಕೇ ಇಟ್ಟು ಓಡುವಂತಿಲ್ಲ. ಹಾಗಂದರೂ ಆಗಲೇ ಎರಡು ಸಲ ಎದ್ದು ಹೋಗಿ ಬಂದೆ. ಒಂದು ಸಲ ಒಲೆ ಆರಿಸಿದ್ದೇನಾ ಎಂದು ನೋಡಲು, ಇನ್ನೊಂದು ಸಲ ಸುಮ್ಮನೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಕೂಸು ಗುಂಡಮ್ಮನನ್ನು ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡುವ ಒಂದು ಪರೀಕ್ಷೆ ಇದೆ, ಅದನ್ನು ಮಾಡಿಸು. ಆಟದ ಸಾಮಾನು ಕಚ್ಚುತ್ತಿದ್ದಳಾ, ಗೋಡೆಯ ಬಣ್ಣ ಕೆರೆದು ಬಾಯಿಗೆ ಹಾಕುತ್ತಿದ್ದಳಾ ಎಂದು ಡಾಕ್ಟರು ಕೇಳಿದರೆ, ಅಲ್ಲ, ಕುಡಿಯುವ ನೀರು ಎಂದು ಹೇಳು. ಎಲ್ಲಿಯ ನೀರು ಎಂದರೆ, ನಮ್ಮಮ್ಮನ ಶಿಶುವಿಹಾರದ್ದು ಎನ್ನು. ನಾಚಿಕೆಪಡಬೇಡ. ಅದು ನನ್ನ ಪಾಲಿನದು. ಇದರ ಕೆಳಗೆ ‘ಹೆದರಬೇಡ’ ಎಂದು ಬರೆದು ಹೊಡೆದುಹಾಕಿದ್ದೇನೆ, ಗೀಚಿದ್ದು ಕಾಣುತ್ತದಲ್ಲ. ನಾನೇ ಇಷ್ಟು ಹೆದರಿಕೊಂಡು ನಿನಗೆ ಯಾವ ಬಾಯಲ್ಲಿ ಹಾಗೆ ಹೇಳಲಿ?

ಏಪ್ರಿಲ್‌ನಲ್ಲಿ ನಾವಿಬ್ಬರೂ ಜಗಳವಾಡಿದ್ದು ನಿನಗೆ ನೆನಪಿದೆ. ಅಮ್ಮಾ, ನಿನ್ನ ಕಟ್ಟಡ ಅಜ್ಜಿಗಿಂತ ಹಳೆಯದು, ಆ ಪೈಪುಗಳನ್ನು ಯಾರು ಯಾವ ಕಾಲದಲ್ಲಿ ಹಾಕಿದ್ದೋ, ನೀರು ಪರೀಕ್ಷೆ ಮಾಡಿಸು, ಇಲ್ಲದಿದ್ದರೆ ಇವಳನ್ನು ನಮ್ಮ ಆಫೀಸಿನ ಪಕ್ಕ ಹೊಸ ಶಿಶುವಿಹಾರ ತೆಗೆದಿದ್ದಾರಲ್ಲ, ಅಲ್ಲಿಗೆ ಸೇರಿಸುತ್ತೇನೆ ಎಂದಿದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತಾರು ವರ್ಷದಿಂದ ಊರ ಮಕ್ಕಳೆಲ್ಲ ಕುಡಿದ ನೀರು, ನೀನೂ ಕುಡಿದು ಬೆಳೆದ ನೀರು, ನಿನಗೇನಾಗಿದೆ, ಕಲ್ಲುಗುಂಡಿನ ಹಾಗಿದ್ದೀಯಲ್ಲ ಎಂದು ಕೂಗಾಡಿದೆ. ಆದರೂ ಮಾರನೆಯ ದಿನ ನೀರು ಸರಬರಾಜಿನವರ ಕಚೇರಿಗೆ ಹೋಗಿ ಹೆಸರು ಬರೆಸಿ ಬಂದೆ. ನಿನ್ನ ಬಾಯಿ ಮುಚ್ಚಿಸಬೇಕಿತ್ತು, ಅಷ್ಟೇ.

ಅಲ್ಲಿಂದ ಬಂದವಳು ಒಬ್ಬ ತೆಳ್ಳಗಿನ ಹೆಂಗಸು, ಹೆಗಲ ಮೇಲೆ ಒಂದು ಪೆಟ್ಟಿಗೆ, ಅದರ ತುಂಬ ಪ್ಲಾಸ್ಟಿಕ್ ಬಾಟಲಿಗಳು. ಮಕ್ಕಳು ಅವಳಿಗೆ ಆವತ್ತೇ ಬಾಟಲಿ ಅಕ್ಕ ಎಂದು ಹೆಸರಿಟ್ಟವು. ಅಡುಗೆಮನೆಯ ನಲ್ಲಿಗೆಂದು ಎರಡು ಬಾಟಲಿ ಕೊಟ್ಟಳು. ಒಂದು ಸಾಕಂತೆ, ಇನ್ನೊಂದು ಕೈತಪ್ಪಿ ಬಿದ್ದರೆ ಇರಲಿ ಎಂದು. ಕ್ರಮವನ್ನು ಮೂರು ಸಲ ಹೇಳಿದಳು. ಸಂಜೆ ನಲ್ಲಿ ಮುಚ್ಚಿದ ಮೇಲೆ ಯಾರೂ ಮುಟ್ಟಬಾರದು. ಬೆಳಗ್ಗೆ ಬಂದವರು ಕೈ ತೊಳೆಯುವುದಕ್ಕೂ ಮುಂಚೆ, ಮೊದಲ ಹನಿಯಿಂದಲೇ ಬಾಟಲಿ ತುಂಬಬೇಕು, ಒಂದು ತೊಟ್ಟೂ ಕೆಳಗೆ ಬಿಡಬಾರದು. ಪೈಪಿನಲ್ಲಿ ಅಷ್ಟು ಹೊತ್ತು ನಿಂತ ನೀರೇ ನಿಜ ಹೇಳೋದು ಅಮ್ಮಾ, ಹರಿದು ಬಂದ ನೀರು ಸುಳ್ಳು ಹೇಳುತ್ತೆ ಎಂದಳು.

ನನ್ನ ಅಭ್ಯಾಸ ನಿನಗೆ ಗೊತ್ತೇ ಇದೆ. ಬಾಗಿಲ ಬೀಗ ತೆಗೆದ ಕೂಡಲೇ ಅಡುಗೆಮನೆ ನಲ್ಲಿ ತಿರುಗಿಸಿಬಿಡುವುದು. ಕಿಟಕಿಗಳನ್ನು ತೆರೆದು, ಚಾಪೆ ಹಾಸಿ ಬರುವವರೆಗೆ ಅದು ಹರಿಯುತ್ತಿರಬೇಕು. ನಿಂತ ನೀರು ಮಕ್ಕಳಿಗೆ ಬೇಡ ಎಂದು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಮೊದಲಿಂದಲೂ ಹಾಗೇ. ಆ ದಿನ ಬೆಳಗ್ಗೆಯೂ ಕೈ ಅದೇ ಕೆಲಸ ಮಾಡಿತು. ಹರಿದ ನೀರನ್ನೇ ಬಾಟಲಿಗೆ ತುಂಬಿ ಕಳಿಸಿದೆ. ಬಾಟಲಿಯ ಜೊತೆ ಕೊಟ್ಟಿದ್ದ ಚೀಟಿಯಲ್ಲಿ ನೀರು ಎಷ್ಟು ಗಂಟೆ ನಿಂತಿತ್ತು ಎಂಬ ಕಡೆ ಹದಿಮೂರು ಗಂಟೆ ಎಂದು ಬರೆದು ಸಹಿ ಹಾಕಿದೆ. ಏನೂ ದೋಷವಿಲ್ಲ ಎಂದು ಕಾಗದ ಬಂತು. ನಿಮ್ಮಪ್ಪ ಅದಕ್ಕೆ ಕಟ್ಟು ಹಾಕಿಸಿ ಬಾಗಿಲೆದುರೇ ಮೊಳೆ ಹೊಡೆದರು. ನೀನು ಅದನ್ನು ಓದಿ, ಸರಿ ಬಿಡಮ್ಮ, ನೀನೇ ಗೆದ್ದೆ ಎಂದು ನಕ್ಕು, ಗುಂಡಮ್ಮನನ್ನು ನನ್ನ ಸೊಂಟಕ್ಕೆ ಏರಿಸಿ ಹೋದೆ. ಜುಲೈ ಕೊನೆಗೆ ನಿಮಗೆ ವರ್ಗವಾಗುವ ತನಕ ಅವಳು ಇಲ್ಲೇ ಇದ್ದಳು.

ಕಳೆದ ತಿಂಗಳು ನೀನು ಫೋನಿನಲ್ಲಿ ಹೇಳಿದೆ: ಗುಂಡಮ್ಮನಿಗೆ ಎರಡು ವರ್ಷ ತುಂಬಿದರೂ ಇನ್ನೂ ಎರಡು ಮಾತು ಕೂಡಿಸಿ ಆಡುತ್ತಿಲ್ಲ, ಹೊಟ್ಟೆನೋವು ಎಂದು ಮುದುಡಿಕೊಳ್ಳುತ್ತಾಳೆ, ತಟ್ಟೆ ತಳ್ಳುತ್ತಾಳೆ, ರಕ್ತ ಕಡಿಮೆ ಎಂದು ಡಾಕ್ಟರು ಕಬ್ಬಿಣದ ಅಂಶದ ಔಷಧಿ ಬರೆದಿದ್ದಾರೆ ಎಂದು. ನೀನು ಮಾತಿನ ನಡುವೆ ಸುಮ್ಮನೆ ಹೇಳಿದ್ದು. ನಾನು ಫೋನಿಟ್ಟು ಡ್ರಾಯರ್ ತೆರೆದೆ. ಸೀಸದ ಬಗ್ಗೆ ಬಾಟಲಿ ಅಕ್ಕ ಆವತ್ತು ಕೊಟ್ಟಿದ್ದ ಕರಪತ್ರ ಮಡಿಕೆಯನ್ನೂ ಬಿಚ್ಚದೆ ಬಿದ್ದಿತ್ತು. ಓದಿದೆ. ನೀನು ಹೇಳಿದ ಅಷ್ಟೂ ಅದರಲ್ಲಿದ್ದವು. ಇಂಥವಕ್ಕೆ ನೂರೆಂಟು ಕಾರಣ ಇರಬಹುದು ಎಂದೂ ಅದರಲ್ಲೇ ಬರೆದಿತ್ತು, ಆದರೆ ಆ ಸಾಲು ನನ್ನ ಕಣ್ಣಿಗೆ ಬಿದ್ದದ್ದು ನಾಲ್ಕನೆಯ ಸಲ ಓದುವಾಗ. ಆವತ್ತಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಿಮ್ಮಪ್ಪ ಇದೇನೇ ಪರೀಕ್ಷೆಗೆ ಹೋಗೋ ಮಕ್ಕಳ ಥರ ಮನೆ ಅಳೀತಿದ್ದೀಯಾ ಎಂದು ರೇಗಿಸಿದರು. ನಾನು ನಗಲಿಲ್ಲ ಎಂದು ಅವರಿಗೂ ಗಾಬರಿಯಾಯಿತು.

ನಾನೇ ಬಾಟಲಿ ಅಕ್ಕನನ್ನು ಮತ್ತೆ ಕರೆಸಿದೆ. ಕೈ ಅಭ್ಯಾಸದಲ್ಲಿ ನಲ್ಲಿ ಬಿಟ್ಟುಬಿಟ್ಟಿದ್ದೆ, ಏಪ್ರಿಲ್‌ನ ಕಾಗದ ಕೆಲಸಕ್ಕೆ ಬಾರದು ಎಂದೆ. ಅವಳು ಬೈಯಲಿಲ್ಲ. ಬಹಳ ಜನ ಹೀಗೇ ಮಾಡ್ತಾರೆ ಅಮ್ಮಾ, ಕೈಗೇನು ಗೊತ್ತು ಎಂದಳು. ಈ ಸಲ ಸಂಜೆ ತಾನೇ ಬಂದು ಒಂದೊಂದು ನಲ್ಲಿಗೂ ಕಾಗದದ ಪಟ್ಟಿ ಅಂಟಿಸಿದಳು. ಬೆಳಗ್ಗೆ ಆರೂವರೆಗೆ ತಾನೇ ಬಂದು ಪಟ್ಟಿ ಹರಿದು ತುಂಬಿಕೊಂಡಳು. ಪುಟ್ಟ ಕೂಸುಗಳ ಕೋಣೆಯಲ್ಲಿರುವ ಬಿಸಿನೀರಿನ ನಲ್ಲಿಯ ಮುಂದೆ ನಿಂತು, ಇದನ್ನು ಯಾರು ಬಳಸುತ್ತಾರೆ ಎಂದು ಕೇಳಿದಳು.

ಮಿಕ್ಕ ಕೂಸುಗಳ ಹಾಲಿನಪುಡಿಗೆ ಅಡುಗೆಮನೆಯ ನೀರು. ಗುಂಡಮ್ಮನಿಗೆ ಮಾತ್ರ ಈ ನಲ್ಲಿಯದು. ಅವಳಿಗೆ ಹಸಿವಾದರೆ ಒಂದು ಗಳಿಗೆ ತಡೆಯುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಸೂರು ಹಾರಿಹೋಗುವ ಹಾಗೆ ಕಿರುಚುತ್ತಿದ್ದಳು. ಅದಕ್ಕೆ ಕೈಯಳತೆಯಲ್ಲೇ ಆ ನಲ್ಲಿಯಿಂದ ಹಿಡಿದು, ಮೊಮ್ಮಗಳಲ್ಲವೇ ಎಂದು ಒಂದು ಸಲ ಅಲ್ಲ, ಎರಡು ಸಲ ಕುದಿಸಿ, ಆರಿಸಿ, ಫ್ಲಾಸ್ಕಿಗೆ ತುಂಬಿಡುತ್ತಿದ್ದೆ. ಬೇರೆ ಮಕ್ಕಳಿಗೆ ಒಂದೇ ಕುದಿ. ಇದನ್ನು ಹೇಳಿದಾಗ ಬಾಟಲಿ ಅಕ್ಕ ಬರೆಯುವುದನ್ನು ನಿಲ್ಲಿಸಿದಳು. ಕುದಿಸಿದರೆ ಕ್ರಿಮಿ ಸಾಯುತ್ತೆ ಅಮ್ಮಾ, ಸೀಸ ಎಲ್ಲಿಗೂ ಹೋಗಲ್ಲ, ನೀರು ಬತ್ತಿದಷ್ಟೂ ಅದು ಗಟ್ಟಿಯಾಗುತ್ತೆ, ಬಿಸಿನೀರಿನ ಪೈಪಿನಲ್ಲಂತೂ ಇನ್ನೂ ಬೇಗ ಬಿಡುತ್ತೆ ಎಂದಳು. ತುಂಬ ಮೆತ್ತಗೆ ಹೇಳಿದಳು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಅಡುಗೆಮನೆಯದು ಇರಬೇಕಾದ್ದಕ್ಕಿಂತ ಎರಡು ಪಟ್ಟು ಬಂತು. ಬಿಸಿನೀರಿನ ನಲ್ಲಿಯದು ಆರು ಪಟ್ಟು.

ಮಾರನೆಯ ದಿನ ಪ್ಲಂಬರ್ ಬಂದರು. ಬೀದಿಯಿಂದ ಒಳಗೆ ಬರುವ ಪೈಪನ್ನು ನಾಣ್ಯದ ಅಂಚಿನಿಂದ ಕೆರೆದು ತೋರಿಸಿದರು. ಮೇಲೆ ಬೂದಿ ಬಣ್ಣ, ಕೆರೆದ ಕಡೆ ಹೊಸ ಪಾತ್ರೆಯ ಹಾಗೆ ಹೊಳೆಯಿತು. ನೋಡಿ ತಾಯಿ, ಅಪ್ಪಟ ಸೀಸ, ಉಗುರಲ್ಲೂ ಗೀರಬಹುದು ಎಂದು ಏನೋ ನಿಧಿ ಸಿಕ್ಕವರ ಹಾಗೆ ಹೇಳಿದರು. ಇಪ್ಪತ್ತಾರು ವರ್ಷ ಅದರ ಪಕ್ಕದಲ್ಲೇ ನನ್ನ ಪೊರಕೆ ಆನಿಸಿಡುತ್ತಿದ್ದೆ. ಈಗ ಅದನ್ನು ಕಿತ್ತು ಹೊಸದು ಹಾಕಿಯಾಗಿದೆ. ಬಿಸಿನೀರಿನ ನಲ್ಲಿಯನ್ನು ಬುಡಸಮೇತ ತೆಗೆಸಿ ರಂಧ್ರಕ್ಕೆ ಸಿಮೆಂಟು ಮೆತ್ತಿಸಿದೆ. ಅಡುಗೆಮನೆಯಲ್ಲಿ ಸೀಸ ಹಿಡಿಯುವ ಫಿಲ್ಟರ್ ಕೂತಿದೆ, ಅದನ್ನು ಯಾವತ್ತು ಬದಲಿಸಬೇಕು ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ. ಕುಡಿಯುವುದಕ್ಕೂ ಅಡುಗೆಗೂ ತಣ್ಣೀರಿನ ನಲ್ಲಿ ಮಾತ್ರ. ಹೋದ ವಾರ ಮತ್ತೆ ಪಟ್ಟಿ ಅಂಟಿಸಿ ತುಂಬಿಕೊಂಡು ಹೋದರು, ಈ ಸಲ ನಿಜವಾಗಿಯೂ ಚೊಕ್ಕ ಬಂತು. ಆ ಕಾಗದಕ್ಕೆ ಕಟ್ಟು ಹಾಕಿಸಲು ನಾನು ಬಿಡಲಿಲ್ಲ.

ತಂದೆತಾಯಂದಿರನ್ನೆಲ್ಲ ಕೂರಿಸಿ ಹೇಳಿದೆ. ಅವಳಿ ಮಕ್ಕಳ ಅಮ್ಮ ಎದ್ದು ನಿಂತು, ಹಾಗಾದರೆ ಏಪ್ರಿಲ್‌ನಲ್ಲಿ ಗೋಡೆಗೆ ಹೊಡೆದಿದ್ದಿರಲ್ಲ, ಅದೇನು ಎಂದು ಕೇಳಿದಳು. ನಲ್ಲಿ ಬಿಡುವ ಅಭ್ಯಾಸದ ಕಥೆ ಹೇಳಿದೆ. ಪಾಪ, ವಯಸ್ಸಾಯಿತಲ್ಲ ಎಂದು ಯಾರೋ ಅಂದರು. ಅವಳು ಎರಡು ಮಕ್ಕಳನ್ನೂ ಎತ್ತಿಕೊಂಡು ಹೋದಳು, ಮತ್ತೆ ಬಂದಿಲ್ಲ. ಉಳಿದ ಕೂಸುಗಳಲ್ಲಿ ಏಳು ಮಂದಿಗೆ ರಕ್ತಪರೀಕ್ಷೆ ಆಗಿದೆ. ಆರು ಜನರದು ಪರವಾಗಿಲ್ಲ, ಒಬ್ಬನದು ಸ್ವಲ್ಪ ಹೆಚ್ಚು, ಮತ್ತೆ ನೋಡುತ್ತಾರಂತೆ. ಆದರೆ ಅವರು ಯಾರೂ ಗುಂಡಮ್ಮ ಕುಡಿದ ನೀರು ಕುಡಿದವರಲ್ಲ. ಅದಕ್ಕೇ ಈ ಕಾಗದ. ಬೇಗ ಗೊತ್ತಾದರೆ ಒಳ್ಳೆಯದು, ಇನ್ನು ಮೇಲೆ ಒಳಗೆ ಹೋಗದಂತೆ ನೋಡಿಕೊಂಡು, ಊಟ ತಿಂಡಿ ಸರಿಯಾಗಿ ಕೊಟ್ಟರೆ ಮಕ್ಕಳು ಚೇತರಿಸಿಕೊಳ್ಳುತ್ತವೆ ಎಂದು ಬಾಟಲಿ ಅಕ್ಕ ಹೇಳಿದ್ದಾಳೆ. ಅವಳ ಮಾತನ್ನೇ ಹಿಡಿದುಕೊಂಡು ಕೂತಿದ್ದೇನೆ. ಏನೂ ಇಲ್ಲದೆಯೂ ಇರಬಹುದು ಕಣೇ. ಏನೂ ಇಲ್ಲದಿದ್ದರೆ ನಿನ್ನಿಂದ ಎಷ್ಟು ಬೇಕಾದರೂ ಬೈಸಿಕೊಳ್ಳುತ್ತೇನೆ.

ಮಕ್ಕಳು ಏಳುತ್ತಿದ್ದಾರೆ. ಒಂದು ಎದ್ದರೆ ಎಲ್ಲವೂ ಎದ್ದ ಹಾಗೆ. ಲಕೋಟೆ ಅಂಟಿಸುತ್ತೇನೆ.

ನೀನು ಕರೆದರೆ ಕಾಲಿಗೆ ಚಪ್ಪಲಿ ಮೆಟ್ಟದೆ ಓಡಿ ಬರುವ,
ನಿನ್ನ ಅಮ್ಮ

ಮರೆತದ್ದಲ್ಲ, ಬಿಟ್ಟದ್ದು: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ಏಪ್ರಿಲ್‌ನ ಆ ಬೆಳಗ್ಗೆ ನಲ್ಲಿ ಬಿಟ್ಟದ್ದು ಅಭ್ಯಾಸದ ಕೈ ಅಲ್ಲ. ಬಾಟಲಿ ಅಕ್ಕ ಹೇಳಿದ ಹಾಗೆಯೇ, ಮೊದಲ ಹನಿಯಿಂದ, ಒಂದು ತೊಟ್ಟೂ ಚೆಲ್ಲದೆ ಮೊದಲ ಬಾಟಲಿ ತುಂಬಿ ಮುಚ್ಚಳ ಹಾಕಿದ್ದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ತಿಳಿಯಾಗಿಯೇ ಇತ್ತು. ಇದೇನಾದರೂ ಕೆಟ್ಟದ್ದೆಂದು ಬಂದರೆ ನಾಳೆಯಿಂದ ಗುಂಡಮ್ಮ ಈ ಹೊಸ್ತಿಲು ದಾಟಿ ಬರುವುದಿಲ್ಲ, ನಿನ್ನ ಆಫೀಸಿನ ಪಕ್ಕದವರ ಸೊಂಟ ಏರುತ್ತಾಳೆ ಎನ್ನಿಸಿತು. ಮುಚ್ಚಳ ತೆಗೆದು ಸಿಂಕಿಗೆ ಸುರಿದೆ. ನಲ್ಲಿ ಬಿಟ್ಟು ಇನ್ನೂರರವರೆಗೆ ಎಣಿಸಿದೆ. ಆಮೇಲೆ ಎರಡನೆಯ ಬಾಟಲಿ ತುಂಬಿದೆ. ನೀನು ನಂಬಿದ ಕಾಗದ ಅದರದು. ಮೊದಲನೆಯದನ್ನು ಕಳಿಸಿದ್ದರೆ ಏಪ್ರಿಲ್‌ನಲ್ಲೇ ಎಲ್ಲ ನಲ್ಲಿಗಳನ್ನೂ ನೋಡುತ್ತಿದ್ದರು, ಆ ಮೂರು ತಿಂಗಳ ಹಾಲು ಅವಳ ಹೊಟ್ಟೆಗೆ ಹೋಗುತ್ತಿರಲಿಲ್ಲ. ನಾಳೆ ಬಾಟಲಿ ಅಕ್ಕನಿಗೂ, ಮಕ್ಕಳ ಮನೆಯವರಿಗೂ ಹೇಳುತ್ತೇನೆ. ಮೊದಲು ನಿನಗೆ ಹೇಳಬೇಕಿತ್ತು. ಎಲ್ಲಿಯವರೆಗೆ ಕುಡಿದಳು ಎಂದು ಡಾಕ್ಟರು ಕೇಳಿದರೆ, ಜುಲೈ ಮೂವತ್ತರವರೆಗೆ ಎಂದು ಹೇಳು. ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಇಲ್ಲಿಗೆ ಬಾ ಮಗಳೇ. ಬೈಯುವುದಕ್ಕಾದರೂ ಬಾ.