ಬಂದಾಕಿ ದ್ಯಾಮವ್ವ ಅಲ್ಲ

ಲಕ್ಷ್ಮೇಶ್ವರ
೧೮ ಜೂನ್ ೨೦೨೪

ಸೊರಟೂರಾಗ ಮಗಳ ಮನ್ಯಾಗಿರೂ ನಮ್ಮ ಅತ್ತಿ ನೀಲಗಂಗವ್ವಗ ಸೊಸಿ ಶೀತಲ್ ಮಾಡೂ ನಮಸ್ಕಾರ.

ನಿಮ್ಮ ಮೊಣಕಾಲ ನೋವು ಹೆಂಗೈತ್ರಿ? ಬಿ.ಪಿ. ಗುಳಗಿ ಇಲ್ಲೇ ಕಪಾಟಿನ್ಯಾಗ ಬಿಟ್ಟ ಹೋಗೀರಿ, ಅಲ್ಲಿ ಬ್ಯಾರೆ ತರಿಸಿಕೊಂಡ್ರೋ ಇಲ್ಲೋ. ಫೋನ್ ಮಾಡಿದ್ರ ಎತ್ತವಲ್ರಿ, ಅದಕ್ಕ ಬರೀತೇನಿ. ಸುಶ್ಮಿತಾ, ಮೊಮ್ಮಗಳಾಗಿ ನೀನ ನಿಮ್ಮ ಆಯಿಗೆ ಓದಿ ಹೇಳವ್ವಾ. ಶೀತಲತ್ತಿ ಸಿಟ್ಟಿನ್ಯಾಗ ಬರದಾಳಂತ ನಡುವ ಏನೂ ನುಂಗಬ್ಯಾಡ.

ಅತ್ತಿ, ಬಂದವರ ಮುಂದೆಲ್ಲಾ "ಮಿಷನ್ ಹಚ್ಚಿ ನಮ್ಮ ಕೂಸಿನ ಕಿಡ್ನಿ ಸುಟ್ರು" ಅನ್ನಾಕತ್ತೀರಂತ ಖಬರ ಬಂತು. ಬಾಳ ಚಲೋ ಆತು. ಮಿಷನ್ನಿಗೆ ಬಾಯಿಲ್ಲ, ತಿರುಗಿ ಅನ್ನೂದಿಲ್ಲ. ಖರೆ ಏನಾತು ಅನ್ನೂದು ನಿಮಗೂ ಗೊತ್ತೈತಿ, ಆದ್ರೂ ಇನ್ನೊಮ್ಮೆ ಕೇಳ್ರಿ. ನಮ್ಮ ಕೂಸು ಸಿಂಚನಾನ ಎಡಗಡಿ ಕಿಡ್ನ್ಯಾಗ ಕಲ್ಲಿನ ಹಳ್ಳ ಇತ್ತು. ಏಳು ವರ್ಷದ ಕೂಸಿಗೆ ಕೊಯ್ಯೂದ ಬ್ಯಾಡಂತ ಡಾಕ್ಟರು ಹೊರಗಿಂದ ಮಿಷನ್ನಿನ ಪೆಟ್ಟು ಕೊಟ್ಟು ಅದನ್ನ ಪುಡಿ ಮಾಡಿದ್ರು. ಆ ಪುಡಿ ಉಚ್ಚ್ಯಾಗ ಹೋಗಬೇಕಿತ್ತು. ಸ್ವಲ್ಪ ಹೋತು, ಉಳಿದಿದ್ದು ಉಚ್ಚಿ ನಳಿಗ್ಯಾಗ ಸಿಕ್ಕೊಂಡು ಕುಂತು, ಹಿಂದ ಕೀವು ತುಂಬಿತು. ಕೆಲವು ಮಕ್ಕಳಿಗೆ ಹಿಂಗ ಆಗತೈತಂತ. ಜ್ವರ ಬಂದ ಕೂಡಲೇ ಒಯ್ದಿದ್ರ ನಳಿಗಿ ಬಿಡಿಸಿ ಕಿಡ್ನಿ ಉಳಿಸತಿದ್ರು.

ಜ್ವರ ಬಂತು. ನಾ ಕೂಸಿನ್ನ ಎತ್ತಿಕೊಂಡು ಹೊಂಟಿದ್ದೆ. ನೀವು ಆಕಿ ಅಂಗಿ ಎತ್ತಿ, ಸೊಂಟದ ಮ್ಯಾಲಿನ ಕೆಂಪು ಚುಕ್ಕಿ ನೋಡಿ, ಸಿಡುಬಂತ ತಿಳದು ಕೈ ಮುಗದ್ರಿ. "ದ್ಯಾಮವ್ವ ಬಂದಾಳ, ದವಾಖಾನಿಗೆ ಒಯ್ದ್ರ ಮುನೀತಾಳ" ಅಂದ್ರಿ. ಮುಗೀತು! ಬಾಗಲಿಗೆ ಬೇವಿನ ತಪ್ಪಲಾ, ಒಗ್ಗರಣಿ ಬಂದ್, ಗುಳಗಿ ಬಂದ್. ಕೂಸು ಗಡಗಡ ನಡುಗತಿತ್ತು. ನಾ ಹೋಗೂಣು ಅಂದ್ರ, "ಉಚ್ಚಿ ಹೊಯ್ಯಾಕತ್ತಾಳಲ್ಲ, ಏನಾಗೈತಿ ಆಕಿಗೆ?" ಅಂದ್ರಿ. ಬಲಗಡಿ ಕಿಡ್ನಿ ಒಂದ ದುಡ್ಯಾಕತ್ತಿತ್ತು, ನನಗೇನ ಗೊತ್ತು? ನಿಮ್ಮ ಮಗ ಬಾಗಲದಾಗ ತಲಿ ತಗ್ಗಿಸಿ ನಿಂತಿದ್ರು. "ಅವ್ವ ಹೇಳಿದಂಗ ಮಾಡು" ಅಂದ್ರು. ಕೂಸು ಕಣ್ಣ ಮ್ಯಾಲೆ ಮಾಡಿದಾಗ ಹುಬ್ಬಳ್ಳಿಗೆ ಓಡಿದ್ವಿ. ಆ ಚುಕ್ಕಿ ಮಿಷನ್ನಿನ ಪೆಟ್ಟಿನ ಗುರ್ತು ಅಂತ ಅಲ್ಲಿ ಡಾಕ್ಟರು ಹೇಳಿದಾಗ ನೀವೂ ಅಲ್ಲೇ ಇದ್ರಿ. ಮರುದಿನ ಗಂಟು ಕಟಗೊಂಡು ಸೊರಟೂರ ಬಸ್ಸ ಹತ್ತಿದ್ರಿ.

ಸೋಮವಾರ ಆ ಕಿಡ್ನಿ ತಗೀತಾರ. ಅದು ಇನ್ನ ಕೆಲಸಕ್ಕ ಬರೂದಿಲ್ಲಂತ. ಆ ಸಂಕಟಾ ನಾ ಹೆಂಗರೆ ನುಂಗತೇನಿ. ಆದ್ರ ಅವತ್ತ ಕೂಸಿಗೆ "ದೇವ್ರಿಗಿಟ್ಟ ಮಾವಿನಹಣ್ಣ ಎಂಜಲಾ ಮಾಡಿದ್ಯಲ್ಲ, ಅದಕ್ಕ ಬಂದಾಳ" ಅಂದ್ರಲ್ಲ, ಅದನ್ನ ನುಂಗಾಕ ಆಗವಲ್ದು. ಕೀವು ಹೋಗಾಕ ಬೆನ್ನಿಗೆ ನಳಿಗಿ ಹಾಕಿಸಿಕೊಂಡು ಮನ್ಯಾಗ ಮಲಗಿದಾಕಿ ಗ್ವಾಡಿ ಕಡೆ ಮಾರಿ ಮಾಡಿ "ತಪ್ಪಾತು, ಇನ್ನ ಹಣ್ಣ ಮುಟ್ಟೂದಿಲ್ಲ" ಅಂತ ಕೈ ಮುಗೀತಾಳ. ನಿಂದೇನೂ ತಪ್ಪಿಲ್ಲವ್ವಾ ಅಂತ ನಾ ಎಷ್ಟ ಹೇಳಿದ್ರೂ ನಂಬವಲ್ಲಳು. "ಆಯಿ ಹೇಳ್ಯಾಳ" ಅಂತಾಳ. ನೀವು ಹಾಕಿದ ಅಂಜಿಕಿ ನೀವ ಬಂದು ತಗೀರಿ, ಸೋಮವಾರದ ಒಳಗ. ನನ್ನ ಕೂಡ ಮಾತಾಡೂದ ಬ್ಯಾಡ. ಆಕಿ ಹಂತೇಕ ಕುಂತು, ದ್ಯಾಮವ್ವ ಬಂದಿರಲಿಲ್ಲ ಅಂತ ಒಂದ ಮಾತ ಹೇಳಿ ಹೋಗ್ರಿ.

ಸುಶ್ಮಿತಾನ ಅವ್ವಗ ನಮಸ್ಕಾರ ಹೇಳ್ರಿ, ಸುಶ್ಮಿತಾಗ ಆಶೀರ್ವಾದ. ಸಿಟ್ಟಿದ್ರೂ ಕಾಲಿಗೆ ಬೀಳತೇನಿ, ಹಿರೇರ ಇದ್ದೀರಿ.

ನಿಮ್ಮ ಸೊಸಿ,
ಶೀತಲ್

ತಾ.ಕ.: ಲಕೋಟಿ ಅಂಟಸಾಕ ಕುಂತಾಗ ನಿಮ್ಮ ಮಗ ಒಳಗ ಬಂದು ಹಣಿ ಹಣಿ ಬಡಕೊಂಡ್ರು. ಮಿಷನ್ ಹಚ್ಚಿದ ದಿನಾನ, ನಾ ಒಳಗ ಕೂಸಿನ ಹಂತೇಕ ಇದ್ದಾಗ, ಡಾಕ್ಟರು ಅವರನ್ನ ಹೊರಗ ಕರದು ಹೇಳಿದ್ರಂತ: ಚುಕ್ಕಿ ಬೀಳತಾವು, ಅಂಜಬ್ಯಾಡ್ರಿ, ಜ್ವರ ಬಂದ್ರ ಮಾತ್ರ ಒಂದ ತಾಸೂ ತಡಾ ಮಾಡಬ್ಯಾಡ್ರಿ ಅಂತ. ನಿಮ್ಮ ಮುಂದ ಬಾಯಿ ತಗ್ಯಾಕ ಅಂಜಿ ಸುಮ್ಮನ ನಿಂತ್ರಂತ. ಮ್ಯಾಲೆ ಬರದಿದ್ದು ಒಂದೂ ಹೊಡದಹಾಕೂದಿಲ್ಲ. ಖರೆ ನೀವು ಬರ್ರಿ ಅತ್ತಿ. ನಿಮಗರೆ ಗೊತ್ತಿರಲಿಲ್ಲ.